ಬೀಗಿತ್ತಿಗೆ ಹಳೇದು, ನನಗೆ ಹೊಸದು

ಕುಂದಾಣದ ನಮ್ಮ ಮನೆಯವರಿಗೆ ಬಸ್ಸಿಗಿಂತ ವಿಮಾನದ್ದೇ ಬಳಕೆ ಹೆಚ್ಚು ಅಂದರೆ ಕೇಳಿದವರು ನಗಬಹುದು. ಬಸ್ಸಿಗಾದರೆ ಕಾಯಬೇಕು, ವಿಮಾನಕ್ಕೆ ಕಾಯುವ ಹಾಗೇ ಇಲ್ಲ. ಹಸುವಿಗೆ ಹುಲ್ಲು ಹಾಕುವಾಗ ತಲೆ ಮೇಲೆ ಒಂದು ಹೋಗುತ್ತದೆ, ಹಾಲು ಕರೆದು ಡೈರಿಗೆ ಹೊರಡುವಾಗ ಇನ್ನೊಂದು. ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಮಾತಾಡುತ್ತಿದ್ದರೆ ನಡುವೆ ಸುಮ್ಮನಾಗಿ, ಸದ್ದು ದಾಟಿದ ಮೇಲೆ ಬಿಟ್ಟ ಜಾಗದಿಂದಲೇ ಮಾತು ಹಿಡಿಯುವುದು ನಮಗೆಲ್ಲ ರೂಢಿ. ಇಷ್ಟಾದರೂ ಐವತ್ತು ದಾಟಿದ ನಾನು ಒಂದು ಸಲವೂ ವಿಮಾನ ಹತ್ತಿರಲಿಲ್ಲ. ಹತ್ತಿ ಹೋಗುವಂಥ ಕೆಲಸ ನನಗೇನಿತ್ತು? ತವರು ದೇವನಹಳ್ಳಿ ಪಕ್ಕ, ಗಂಡನ ಮನೆ ಕುಂದಾಣ, ನೆಂಟರಿಷ್ಟರೆಲ್ಲ ದೊಡ್ಡಬಳ್ಳಾಪುರದಿಂದ ಹೊಸಕೋಟೆಯ ಒಳಗೆ.

ಆ ಕೆಲಸ ಬಂದದ್ದು ಮಗಳಿಂದ. ಅವಳು ನರ್ಸು. ಅಳಿಯಂದಿರು ಹೊಸಕೋಟೆ ತಾಲ್ಲೂಕು ಸಮೇತನಹಳ್ಳಿಯವರು, ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ಮದುವೆಯಾದ ಮೇಲೆ ಇಬ್ಬರೂ ಮುಂಬೈಯ ಆಚೆ ಬದಿ, ಐರೋಲಿ ಅನ್ನುವ ಕಡೆ ಮನೆ ಮಾಡಿದ್ದರು. ಸಂಕ್ರಾಂತಿ ಕಳೆದು, ಏಳನೇ ತಿಂಗಳಿಗೆ ಕರೆಸಿ ಸೀಮಂತ ಮಾಡೋಣ ಅಂತ ನಾನು ಹಸಿರು ಸೀರೆ ತಂದಿಟ್ಟು ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಮಗಳು ಫೋನ್ ಮಾಡಿದಳು.

"ಅಮ್ಮ, ಡಾಕ್ಟ್ರು ಪ್ರಯಾಣ ಬೇಡ ಅಂದ್ಬಿಟ್ರು. ಗಾಬರಿ ಪಡೋಂಥದ್ದು ಏನಿಲ್ಲ, ರೆಸ್ಟ್ ಬೇಕಂತೆ ಅಷ್ಟೆ. ನೀನೇ ಬಂದ್ಬಿಡು." ಸ್ವಲ್ಪ ತಡೆದು, "ಬರ್ತಾ ಚಕ್ಕೋತ ತಗೊಂಬಾ. ಇಲ್ಲಿ ಎಲ್ಲೂ ನಮ್ಮೂರ ಥರದ್ದು ಸಿಗ್ತಿಲ್ಲ. ಕನಸಲ್ಲೆಲ್ಲ ಅದೇ ಬರ್ತೈತೆ," ಅಂದಳು.

ನಾನು ಫೋನ್ ಇಟ್ಟವಳೇ ಹಿತ್ತಲಿಗೆ ಹೋಗಿ ಚಕ್ಕೋತದ ಮರ ನೋಡಿದೆ. ಕಾಯಿ ಹಣ್ಣಾಗಿ ಹಳದಿ ತಿರುಗುತ್ತಿದ್ದವು. ಮಗಳು ಬರುವುದಿಲ್ಲ ಅನ್ನುವ ಬೇಸರ ಅಲ್ಲೇ ಕರಗಿ, ನಾನು ವಿಮಾನ ಹತ್ತುತ್ತೇನೆ ಅನ್ನುವುದೊಂದೇ ತಲೆಯಲ್ಲಿ ಉಳಿಯಿತು. ನಮ್ಮ ಯಜಮಾನರು ಬರುವ ಹಾಗಿರಲಿಲ್ಲ. ದ್ರಾಕ್ಷಿ ಕೊಯ್ಲು ಹತ್ತಿರ ಬಂದಿತ್ತು, ಹಸುಗಳನ್ನು ಯಾರ ಕೈಗೆ ಬಿಡುವುದು? "ನೀನೂ ಬೀಗಿತ್ತಿನೂ ಹೋಗಿಬನ್ನಿ. ಒಬ್ಬರಿಗೊಬ್ಬರು ಜೊತೆ," ಅಂದರು.

ನಮ್ಮ ಬೀಗಿತ್ತಿ ಅಂದರೆ ಅಳಿಯನ ತಾಯಿ. ಗಂಡ ತೀರಿಕೊಂಡ ಮೇಲೆ ಬೀನ್ಸು, ಕ್ಯಾರೆಟ್ಟು ಬೆಳೆದು, ತಾನೇ ಗಾಡಿಯಲ್ಲಿ ಹೊಸಕೋಟೆ ಮಾರ್ಕೆಟ್ಟಿಗೆ ಹಾಕಿ, ಇಬ್ಬರು ಗಂಡುಮಕ್ಕಳನ್ನು ಓದಿಸಿದ ಹೆಂಗಸು. ಮಾತಿನಲ್ಲಿ ಯಾರಿಗೂ ಬಿಟ್ಟುಕೊಟ್ಟವರಲ್ಲ. ನಾನೂ ಅಷ್ಟೇ ಅನ್ನುತ್ತಾರೆ ನಮ್ಮ ಮನೆಯಲ್ಲಿ. ಮದುವೆಯ ದಿನ ಹೋಳಿಗೆಗೆ ತುಪ್ಪ ಕಮ್ಮಿಯಾಯಿತು ಅಂತ ಅವರು, ಮಜ್ಜಿಗೆಗೆ ನೀರು ಜಾಸ್ತಿಯಾಯಿತು ಅಂತ ನಾನು ಶುರು ಮಾಡಿದ್ದು ಇನ್ನೂ ನಿಂತಿಲ್ಲ. ಜಗಳವಲ್ಲ ಅದು. ಹಾಗೆ ಮಾತಾಡದಿದ್ದರೆ ಇಬ್ಬರಿಗೂ ಊಟ ರುಚಿಸುವುದಿಲ್ಲ.

ಅವರು ಸೀಮಂತದ ಮಾತಾಡಲು ಕುಂದಾಣಕ್ಕೆ ಬಂದ ದಿನವೇ ಅಳಿಯಂದಿರು ಫೋನ್ ಮಾಡಿದರು. ಸ್ಪೀಕರಿಗೆ ಹಾಕಿ ನಡುಮನೆಯಲ್ಲಿ ಇಟ್ಟುಕೊಂಡು ಕೂತೆವು.

"ಅತ್ತೆ, ಟಿಕೆಟ್ ನಾನೇ ಮಾಡಿಸ್ತೀನಿ. ಯಾವ ಏರ್‌ಪೋರ್ಟಿಗೆ ಮಾಡ್ಲಿ ಹೇಳಿ. ಇಲ್ಲಿ ಈಗ ಎರಡೈತೆ."

"ಎರಡಾ?" ಅಂದೆವು ಇಬ್ಬರೂ ಒಟ್ಟಿಗೆ.

"ಹಳೇದು ಮುಂಬೈ ಊರೊಳಗೇ ಐತೆ. ಹೊಸದು ನವಿ ಮುಂಬೈ ಕಡೆ, ಈಗಿನ್ನೂ ಶುರುವಾಗಿರೋದು. ನಮ್ಮನೆ ಎರಡಕ್ಕೂ ನಡುವೆ. ಹಳೇದ್ರಿಂದ ಬಂದ್ರೆ ಟ್ರಾಫಿಕ್ಕು. ಹೊಸದ್ರಿಂದ ರೋಡೇನೋ ಚೆನ್ನಾಗೈತೆ, ಆದ್ರೆ ಅಲ್ಲಿಗೆ ವಿಮಾನ ಕಮ್ಮಿ, ಗಾಡಿನೂ ಬೇಗ ಸಿಗಲ್ಲ ಅಂತಾರೆ. ನಿಮಗೆ ಹೆಂಗೆ ಅನುಕೂಲವೋ ಹಂಗೆ."

"ಹಳೇದಕ್ಕೆ ಮಾಡಪ್ಪ," ಅಂದರು ಬೀಗಿತ್ತಿ.

"ಹೊಸದಕ್ಕೆ ಮಾಡಿ," ಅಂದೆ ನಾನು.

ಫೋನಿನ ಆ ಕಡೆ ಹಿಂದಿನಿಂದ ಮಗಳು ನಗುವುದು ಕೇಳಿಸಿತು.

ಬೀಗಿತ್ತಿಯ ವಾದ ಗಟ್ಟಿಯಾಗಿತ್ತು. "ಹೊಸ ಗಾಡಿಗೆ ಮೊದಲ ದಿನವೇ ಲೋಡ್ ಹಾಕ್ತಾರಾ ಯಾರಾದ್ರೂ? ಹಳೇದು ಅಂದ್ರೆ ಪಳಗಿರ್ತದೆ. ಎಷ್ಟು ವರ್ಷದಿಂದ ಎಷ್ಟು ಜನ ಇಳಿದವ್ರೆ ಅಲ್ಲಿ! ಕೇಳಿದ್ರೆ ದಾರಿ ಹೇಳೋರು ಇರ್ತಾರೆ. ಹೊಸದ್ರಲ್ಲಿ ಕೆಲಸ ಮಾಡೋರಿಗೇ ದಾರಿ ಗೊತ್ತಿರಲ್ಲ."

ನನ್ನದು ವಾದವೇ ಅಲ್ಲ, ಆಸೆ. ದೇವನಹಳ್ಳಿಗೆ ಏರ್‌ಪೋರ್ಟು ಬಂದಾಗ ಬೆಂಗಳೂರಿನವರು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಹಳೆಯದು ಊರೊಳಗೇ ಇತ್ತು, ಇದೇನು ಆಂಧ್ರಕ್ಕೆ ಹೋಗಿ ಕಟ್ಟಿದ್ದಾರೆ ಅಂತ ನಗುತ್ತಿದ್ದರು. ನಮ್ಮ ತವರಿನ ರಾಗಿ ಹೊಲ ಆ ಕಾಂಪೌಂಡಿನ ಒಳಗೇ ಹೋಗಿದೆ. ಜಮೀನು ಹೋದ ಸಂಕಟ ಬೇರೆ. ಆದರೂ ಮೊದಲ ವಿಮಾನ ಇಳಿದ ದಿನಗಳಲ್ಲೇ ಊರಿನ ಹೆಂಗಸರೆಲ್ಲ ಟೆಂಪೋ ಮಾಡಿಕೊಂಡು, ಚಿತ್ರಾನ್ನ ಕಟ್ಟಿಕೊಂಡು ಹೋಗಿ ಹೊರಗಿನಿಂದ ಆ ದೀಪ, ಆ ಗಾಜು ನೋಡಿ ಬಂದಿದ್ದೆವು. ನಮ್ಮಪ್ಪನ ಹೊಲ ಎಲ್ಲಿತ್ತು ಅಂತ ಕೈ ಮಾಡಿ ತೋರಿಸಲು ನೋಡಿದೆ, ಗುರುತು ಸಿಗಲಿಲ್ಲ. ಈಗ ಇನ್ನೊಂದು ಊರಿನಲ್ಲಿ ಅಂಥದ್ದೇ ಇನ್ನೊಂದು ಎದ್ದಿದೆ ಅಂದರೆ ನಾನು ಅದನ್ನು ಬಿಟ್ಟು ಹಳೆಯದಕ್ಕೆ ಹೋಗುವುದುಂಟೇ? ಇದನ್ನೆಲ್ಲ ಹೇಳಿದರೆ ಬೀಗಿತ್ತಿ ಕಾಲೆಳೆಯುತ್ತಾರೆ ಅಂತ, "ರೋಡ್ ಚೆನ್ನಾಗೈತಂತಲ್ಲ," ಅಂದೆ ಅಷ್ಟೆ.

ಎರಡು ವಾರ ಊರೆಲ್ಲ ಇದೇ ಮಾತು. ಎದುರು ಮನೆಯ ಟ್ಯಾಕ್ಸಿಯವನು ನನ್ನ ಪಕ್ಷ. ಡೈರಿಯಲ್ಲಿ ಹಾಲು ಅಳೆಯುವಾಕೆ ಬೀಗಿತ್ತಿಯ ಪಕ್ಷ. ಕೊನೆಗೆ ಅಳಿಯಂದಿರು ಸೋತು, ಒಂದೇ ಬೆಳಿಗ್ಗೆಗೆ ಅವರ ತಾಯಿಗೆ ಹಳೇ ಏರ್‌ಪೋರ್ಟಿನ ಟಿಕೆಟ್ಟನ್ನೂ ನನಗೆ ಹೊಸದರದ್ದನ್ನೂ ಮಾಡಿಸಿಬಿಟ್ಟರು. "ಇಬ್ಬರೂ ಹಟ ಬಿಡಲ್ಲ ಅಂದ್ರೆ ನಾನೇನ್ ಮಾಡ್ಲಿ?" ಅಂದರಂತೆ ಮಗಳ ಹತ್ತಿರ. ಜೊತೆಗಿರಲಿ ಅಂತ ಹೊರಟಿದ್ದು, ಬೇರೆ ಬೇರೆ ವಿಮಾನದಲ್ಲಿ ಒಬ್ಬೊಬ್ಬರೇ ಹೋಗುವ ಹಾಗಾಯಿತು.

"ಯಾರು ಮೊದಲು ಸೊಸೆ ಮನೆ ಬಾಗಿಲು ತಟ್ತಾರೋ ನೋಡೇ ಬಿಡೋಣ," ಅಂದರು ಬೀಗಿತ್ತಿ.

"ಮಗಳ ಮನೆ ಅನ್ನಿ," ಅಂದೆ.

"ಇಬ್ಬರನ್ನೂ ಕರ್ಕೊಂಡು ಬರೋಕೆ ನನಗೆ ಎರಡು ದೇಹ ಇಲ್ಲವಲ್ಲ," ಅಂತ ಅಳಿಯಂದಿರು ಕೊರಗಿದಾಗ ನಾನೇ ಧೈರ್ಯ ಮಾಡಿ, "ನೀವು ನಿಮ್ಮ ತಾಯಿ ಇಳಿಯೋ ಕಡೆ ಹೋಗಿ. ನಾನು ಗಾಡಿ ಹಿಡ್ಕೊಂಡು ಬರ್ತೀನಿ. ಏರ್‌ಪೋರ್ಟ್ ಪಕ್ಕದೋಳು ನಾನು," ಅಂದೆ. ಅಂದ ಮೇಲೆ ಆದದ್ದು ಹೆದರಿಕೆಯಲ್ಲ. ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಸಿಗೆ ಹೊರಡುವ ಮುಂಚೆ ಆಗುತ್ತಿದ್ದಂಥ ತಳಮಳ.

ಹೊರಡುವ ಹಿಂದಿನ ದಿನವೇ ಬೀಗಿತ್ತಿ ನಮ್ಮ ಮನೆಗೆ ಬಂದು ಉಳಿದರು. ಇಬ್ಬರೂ ಸೇರಿ ಒಬ್ಬಟ್ಟು ಬೇಯಿಸಿ, ಚಕ್ಕುಲಿ ಕರಿದು, ಬಳೆ, ಅರಿಶಿನ ಕುಂಕುಮ, ಮಡಿಲಕ್ಕಿ ಎಲ್ಲ ಎರಡು ಪಾಲು ಮಾಡಿದೆವು. ಚಕ್ಕೋತ ನನ್ನ ಪಾಲಿಗೆ ಬಂತು. ಮಡಿಲಿಗೆ ಹಾಕುವ ಕೊಬ್ಬರಿ ಗಿಟುಕು ಅವರ ಪಾಲಿಗೆ.

ಬೆಳಿಗ್ಗೆ ಎದುರು ಮನೆಯವನ ಟ್ಯಾಕ್ಸಿ ಹತ್ತಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಮ್ಮ ಗದ್ದೆಯ ಬದಿಯ ತೆಂಗಿನಮರಗಳೇ ಕಾಣುತ್ತಿರಲಿಲ್ಲ. ಏರ್‌ಪೋರ್ಟಿನೊಳಗೆ ಹೋದ ಮೇಲೆ ನಾವಿಬ್ಬರೂ ಹೆಜ್ಜೆ ನಿಧಾನ ಮಾಡಿದೆವು. ಅಷ್ಟು ಎತ್ತರದ ಛಾವಣಿ, ಬಿದಿರು, ಮೇಲಿಂದ ಇಳಿಬಿಟ್ಟ ಗಿಡಗಳು. ನಮ್ಮ ಹೊಲ ಇದ್ದ ಜಾಗದಲ್ಲಿ ಮತ್ತೆ ಗಿಡ ನೆಟ್ಟಿದ್ದಾರಲ್ಲ ಅನ್ನಿಸಿತು. ಬೀಗಿತ್ತಿ ತಲೆ ಎತ್ತಿ ನೋಡುತ್ತ ಮುಂದಿದ್ದವರ ಟ್ರಾಲಿಗೆ ಡಿಕ್ಕಿ ಹೊಡೆದು, "ಸಾರಿ ಕಣಪ್ಪ," ಅಂದರು.

ತಪಾಸಣೆಯ ಕಡೆ ಬಂದಾಗ ಅವರ ಕೈಚೀಲವನ್ನು ಪಕ್ಕಕ್ಕೆ ಎಳೆದಿಟ್ಟರು. ಒಬ್ಬ ಹೆಣ್ಣುಮಗಳು ಚೀಲ ತೆಗೆದು ಕೊಬ್ಬರಿ ಗಿಟುಕುಗಳನ್ನು ಹೊರಗಿಟ್ಟು, "ಇದನ್ನ ವಿಮಾನದಲ್ಲಿ ಬಿಡಲ್ಲಮ್ಮ. ಬೇಗ ಬೆಂಕಿ ಹಿಡಿಯುತ್ತೆ," ಅಂದಳು.

"ಕೊಬ್ಬರೀಗಾ? ಸೀಮಂತದ್ದು ಕಣಮ್ಮ, ಸೊಸೆ ಮಡಿಲಿಗೆ," ಅಂದರು ಬೀಗಿತ್ತಿ.

"ರೂಲ್ಸ್ ಅಮ್ಮ. ನಮ್ಮಮ್ಮ ತಂದ್ರೂ ಬಿಡೋ ಹಂಗಿಲ್ಲ."

ಬೀಗಿತ್ತಿಯ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿಯೇ ಇರಲಿಲ್ಲ. ಅಪಶಕುನ ಅನ್ನುವ ಮಾತು ಅವರ ತುಟಿಯವರೆಗೆ ಬಂದದ್ದು ನನಗೆ ಗೊತ್ತಾಯಿತು. ನಾನು ಕೈ ಹಿಡಿದುಕೊಂಡು, "ಮುಂಬೈಯಲ್ಲಿ ಕೊಬ್ಬರಿ ಸಿಗಲ್ವಾ ಅಕ್ಕ? ಸಮುದ್ರದ ದಡದ ಊರು. ನಮ್ಮ ಕೊಬ್ಬರಿಗಿಂತ ದಪ್ಪ ಇರ್ತದೆ," ಅಂದೆ. "ಅಲ್ವಾ?" ಅಂದರು. "ಹೌದಕ್ಕ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಅಲ್ಲಿಂದ ಒಳಗೆ ಹೋಗುವವರೆಗೆ ನನ್ನ ಕೈ ಬಿಡಲಿಲ್ಲ.

ನಮ್ಮ ಗೇಟುಗಳು ಬೇರೆ ಬೇರೆ ಕಡೆಗಿದ್ದವು. ಮಂಜಿಗೆ ಎಲ್ಲ ವಿಮಾನಗಳೂ ತಡವಾಗಿದ್ದವು, ಆದ್ದರಿಂದ ಅವರ ಗೇಟಿನ ಬಳಿಯೇ ಇಬ್ಬರೂ ಕೂತೆವು. ಬೆಳಕು ಏರಿದ ಮೇಲೆ ಮಂಜು ಹರಿದು, ಅವರ ವಿಮಾನದ ಹೆಸರನ್ನು ಮೊದಲು ಕೂಗಿದರು. ಸಾಲಿನಲ್ಲಿ ನಿಂತ ಬೀಗಿತ್ತಿ ಹಿಂತಿರುಗಿ ನೋಡಿ, "ಇಬ್ಬರಿಗೂ ಒಂದಕ್ಕೇ ಟಿಕೆಟ್ ಮಾಡಿಸಬೇಕಿತ್ತು ಕಣಕ್ಕ," ಅಂದರು. ಹಿಂದಿನಿಂದ ಜನ ತಳ್ಳಿದರು. ನಾನು ಕೈ ಬೀಸುತ್ತಲೇ ಇದ್ದೆ, ಅವರ ಮೆರೂನ್ ಸೀರೆ ತಿರುವಿನಲ್ಲಿ ಮರೆಯಾಗುವವರೆಗೂ.

ನನ್ನ ವಿಮಾನ ಎದ್ದಾಗ ಹೇಗಿತ್ತು ಅಂತ ಊರಿನಲ್ಲಿ ಎಷ್ಟೋ ಜನ ಕೇಳಿದ್ದಾರೆ. ಓಡುವಾಗ ಬೆನ್ನನ್ನು ಯಾರೋ ಸೀಟಿಗೆ ಒತ್ತಿ ಹಿಡಿದ ಹಾಗೆ. ಆಮೇಲೆ ತಳದಲ್ಲಿ ಗಡಗಡ ನಿಂತು, ಹೊಟ್ಟೆ ಒಂದು ಸಲ ಮೇಲೆ ಬಂದು, ಅಷ್ಟೆ. ಕಿಟಕಿಯ ಪಕ್ಕದ ಸೀಟು ನನ್ನದು. ವಿಮಾನ ಬಾಗಿ ತಿರುಗಿದಾಗ ನಂದಿ ಬೆಟ್ಟ ನನ್ನ ಮುಖದ ಎದುರಿಗೇ ಬಂತು. ಅದರಿಂದಾಚೆ ಕೆರೆ, ಕಲ್ಲು ಕ್ವಾರಿಯ ಬಿಳಿ ಗಾಯ, ಪಾಲಿಹೌಸುಗಳ ಹೊಳೆಯುವ ಬೆನ್ನು, ಲೇಔಟಿನವರು ಗೆರೆ ಎಳೆದಿಟ್ಟ ಕೆಂಪು ಚೌಕಗಳು. ಕುಂದಾಣದ ಗುಡ್ಡ ಕಂಡಿತು! ನಾನು ಗಾಜಿಗೆ ಮೂಗು ಒತ್ತಿ ನಮ್ಮ ದ್ರಾಕ್ಷಿ ಚಪ್ಪರ ಹುಡುಕಿದೆ. ಅದೋ ಅದೇ ಅಂದುಕೊಳ್ಳುವಷ್ಟರಲ್ಲಿ ಅಂಥವೇ ಇನ್ನೂ ಹತ್ತಿಪ್ಪತ್ತು ಹಸಿರು ಪಟ್ಟಿಗಳು ಬಂದವು. ಯಾವುದಾದರೇನು ಅಂತ ಒಂದನ್ನು ಆರಿಸಿಕೊಂಡು, "ಅಗೋ ನಮ್ಮನೆ," ಅಂತ ಪಕ್ಕದ ಸೀಟಿನವರಿಗೆ ತೋರಿಸಿದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲವೇನೋ, ನಕ್ಕು ತಲೆಯಾಡಿಸಿದರು. ಇಷ್ಟು ವರ್ಷ ನಾನು ಕೆಳಗೆ ನಿಂತು ನೋಡಿದ್ದೆ. ಈಗ ಅಲ್ಲಿ ಯಜಮಾನರು ಹಾಲಿನ ಕ್ಯಾನು ಇಳಿಸಿ ಮೇಲೆ ನೋಡುತ್ತಿರಬಹುದು ಅನ್ನಿಸಿ, ಯಾರಿಗೂ ಕಾಣದ ಹಾಗೆ ಗಾಜಿನೊಳಗಿಂದ ಕೈ ಆಡಿಸಿದೆ.

ನವಿ ಮುಂಬೈಯಲ್ಲಿ ಇಳಿದು ಫೋನ್ ಆನ್ ಮಾಡಿದೊಡನೆ ಅಳಿಯಂದಿರ ಕರೆ.

"ಅತ್ತೆ, ಆರಾಮಾಗಿ ಇಳಿದ್ರಾ? ಅಮ್ಮನ ಫ್ಲೈಟ್ ಇನ್ನೂ ಇಳಿದಿಲ್ಲ. ಇಲ್ಲಿ ಇಳಿಯೋಕೆ ವಿಮಾನಗಳ ಸಾಲೈತಂತೆ, ಮೇಲೇ ಸುತ್ತು ಹಾಕ್ತೈತೆ."

ನನಗೆ ಒಳಗೊಳಗೇ ಕುಣಿಯುವ ಹಾಗಾಯಿತು. ನನಗಿಂತ ಮೊದಲು ಹೊರಟವರು ಇನ್ನೂ ಆಕಾಶದಲ್ಲಿದ್ದಾರೆ! ಗೆದ್ದೆ ಅಂದುಕೊಂಡು ಆತುರವೆಲ್ಲ ಬಿಟ್ಟು ನಿಧಾನವಾಗಿ ನಡೆದೆ. ಕಂಬಗಳು ತಾವರೆಯ ಎಸಳಿನ ಹಾಗೆ ಮೇಲಕ್ಕೆ ಅರಳಿದ್ದವು. ನೆಲ ಎಷ್ಟು ಹೊಸದೆಂದರೆ ಚಪ್ಪಲಿ ಕಿರುಗುಟ್ಟುತ್ತಿತ್ತು. ಸಾಮಾನು ತೆಗೆದುಕೊಂಡು ಹೊರಗೆ ಬಂದರೆ, ಎದುರಿಗೆ ಒಂದಷ್ಟು ಹೆಂಗಸರು, ಕಚ್ಚೆ ಹಾಕಿ ಸೀರೆ ಉಟ್ಟವರು, ತಲೆ ತುಂಬ ಹೂ ಮುಡಿದವರು, ಗುಂಪಾಗಿ ನಿಂತು ಕಟ್ಟಡವನ್ನು ನೋಡುತ್ತಿದ್ದರು. ಒಬ್ಬರ ಕೈಯಲ್ಲೂ ಪೆಟ್ಟಿಗೆ ಇಲ್ಲ. ಕೈಯಲ್ಲಿದ್ದದ್ದು ಡಬ್ಬಿ, ನೀರಿನ ಬಾಟಲಿ.

ನನಗೆ ತಟ್ಟನೆ ಅರ್ಥವಾಯಿತು. ಇವರು ಎಲ್ಲಿಗೂ ಹೋಗುತ್ತಿಲ್ಲ. ನೋಡಲು ಬಂದಿದ್ದಾರೆ.

ನನ್ನ ವಯಸ್ಸಿನ ಒಬ್ಬಾಕೆಯ ಪಕ್ಕ ಹೋಗಿ ನಿಂತೆ. ದೇವನಹಳ್ಳಿಯ ಸಾಬರ ಅಂಗಡಿಯಲ್ಲಿ ಬಟ್ಟೆ ಕೊಳ್ಳುತ್ತ ಕಲಿತ ಹಿಂದಿ ನನ್ನದು. ನಿಮ್ಮ ಊರು ಇಲ್ಲೇನಾ ಅಂತ ಕೇಳಿದೆ. ಆಕೆ ರನ್‌ವೇ ಕಡೆ ಕೈ ಮಾಡಿ, ನಮ್ಮ ಮನೆ ಅಲ್ಲಿತ್ತು ಅಂದರು. ಅಲ್ಲಿ ಒಂದು ಗುಡ್ಡ, ಗುಡ್ಡದ ಕೆಳಗೆ ಭತ್ತದ ಗದ್ದೆ. ಈಗ ಗುಡ್ಡವೂ ಇಲ್ಲ. ಪಕ್ಕದಾಕೆ, ಅಲ್ಲಿ ಅಲ್ಲ, ಇನ್ನೂ ಈ ಕಡೆ ಅಂತ ತಿದ್ದಿದರು. ಇಬ್ಬರಿಗೂ ವಾದವಾಯಿತು. ನಾನು ನಗುತ್ತ, ನಮ್ಮ ಅಪ್ಪನ ಹೊಲವೂ ಹೀಗೇ, ನಮಗೂ ಗುರುತು ಸಿಗಲಿಲ್ಲ ಅಂತ ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ. ಆಕೆ ನನ್ನನ್ನು ದಿಟ್ಟಿಸಿ ನೋಡಿ, "ಆಪ್ ಕಾ ಭೀ?" ಅಂದರು. ಹೌದು, ನಮ್ಮದೂ ಅಂದೆ. ಆಮೇಲೆ ಮಾತು ನಿಲ್ಲಲೇ ಇಲ್ಲ. ಏನು ಬೆಳೆಯುತ್ತಿದ್ದಿರಿ, ಮಕ್ಕಳೇನು ಮಾಡುತ್ತಾರೆ, ಸದ್ದಿಗೆ ನಿದ್ದೆ ಬರುತ್ತದಾ. ಸದ್ದು ರೂಢಿಯಾಗುತ್ತದೆ, ಮಾತಿನ ನಡುವೆ ಸ್ವಲ್ಪ ನಿಲ್ಲಿಸುವುದು ಕಲಿಯಬೇಕು ಅಂತ ನಾನು ಹೇಳಿಕೊಟ್ಟೆ. ಗೊಳ್ಳೆಂದು ನಕ್ಕರು. ಚೀಲದಿಂದ ಒಂದು ಚಕ್ಕೋತ ತೆಗೆದು ಕೊಟ್ಟೆ. ಮಗಳಿಗೆ ಸೀಮಂತ ಅಂದಾಗ ಆಕೆ ತನ್ನ ತಲೆಯಿಂದಲೇ ಮಲ್ಲಿಗೆ ದಂಡೆ ಬಿಚ್ಚಲು ಹೋದರು. ಅಷ್ಟರಲ್ಲಿ ಇನ್ನೊಬ್ಬಾಕೆ ಡಬ್ಬಿಯಿಂದ ಮುಡಿಯದ ಹೂ ತೆಗೆದು, ಎಲೆಯಲ್ಲಿ ಸುತ್ತಿ ಕೊಟ್ಟರು. ಗಾಡಿಯನ್ನೂ ಅವರೇ ಹಿಡಿದು, ಡ್ರೈವರಿಗೆ ಮರಾಠಿಯಲ್ಲಿ ನನ್ನ ವಿಷಯ ಏನೇನೋ ಹೇಳಿ ಕೂರಿಸಿದರು.

ಎಷ್ಟು ಹೊತ್ತು ನಿಂತಿದ್ದೆನೋ ನನಗೆ ತಿಳಿಯಲಿಲ್ಲ. ಪಂದ್ಯದ ನೆನಪೇ ಹಾರಿಹೋಗಿತ್ತು. ಐರೋಲಿಯಲ್ಲಿ ಮೆಟ್ಟಿಲು ಹತ್ತಿ, ಉಸಿರು ಬಿಡುತ್ತ ಮಗಳ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದದ್ದು ಮೆರೂನ್ ಸೀರೆ.

"ಬನ್ನಿ ಬನ್ನಿ ಬೀಗರೆ," ಅಂದರು ಬೀಗಿತ್ತಿ, ಸೊಂಟಕ್ಕೆ ಕೈ ಕೊಟ್ಟು. "ಕಾಫಿ ಆರಿಹೋಯ್ತು. ರೋಡ್ ಚೆನ್ನಾಗಿತ್ತಾ?"

ಒಳಗೆ ಮಂಚದ ಮೇಲೆ ಕೂತಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮುಖ ತುಂಬಿಕೊಂಡು, ಕೆನ್ನೆ ಹೊಳೆಯುತ್ತ ಎಷ್ಟು ಚೆನ್ನಾಗಿದ್ದಳು! ನಾನು ಚೀಲಗಳನ್ನು ಹೊಸ್ತಿಲಲ್ಲೇ ಬಿಟ್ಟು ಓಡಿ ಅಪ್ಪಿಕೊಂಡೆ. "ಅಮ್ಮ, ಅತ್ತೆ ಬಂದು ಎಷ್ಟೊತ್ತಾಯ್ತು. ನೀನು ಬರೋವರ್ಗೂ ಮಡಿಲಕ್ಕಿ ಗಂಟು ಬಿಚ್ಚಲ್ಲ ಅಂತ ಹಂಗೇ ಇಟ್ಟವ್ರೆ," ಅಂದಳು ಕಿವಿಯಲ್ಲಿ.

ಚಕ್ಕೋತ ಬಿಡಿಸಿ, ಉಪ್ಪು ಖಾರ ಹಚ್ಚಿ ಕೊಟ್ಟೆವು. ಮಗಳು ಕಣ್ಣು ಮುಚ್ಚಿ ತಿನ್ನುತ್ತಿದ್ದರೆ, ಬೀಗಿತ್ತಿ ತಮ್ಮ ಕಥೆ ಶುರು ಮಾಡಿದರು. ವಿಮಾನ ಮುಂಬೈ ಮೇಲೆ ಬಂದು ಇಳಿಯದೆ ಸುತ್ತತೊಡಗಿದಾಗ ಸುತ್ತಲಿನವರೆಲ್ಲ ಗೊಣಗಿದರಂತೆ. ಇವರಿಗೆ ಮಾತ್ರ ಸ್ವರ್ಗ. ಜೀವಮಾನದಲ್ಲಿ ಸಮುದ್ರ ನೋಡಿರಲಿಲ್ಲ.

"ತಿರುಗಿದಾಗೆಲ್ಲ ನನ್ನ ಕಿಟಕಿಗೇ ಬರೋದು ಕಣಕ್ಕ. ಮೊದಲು ಹೊಲ ಅಂದ್ಕೊಂಡೆ. ಇಷ್ಟು ದೊಡ್ಡ ಹೊಲ ಯಾರದಪ್ಪ, ಒಂದು ಬದೂನೂ ಇಲ್ವಲ್ಲ ಅಂತ! ಆಮೇಲೆ ನೋಡ್ತೀನಿ, ಅದ್ರ ಮೇಲೆ ಹಡಗು. ಹೊಸಕೋಟೆಯೋರು ಬಂದವ್ರೆ ಅಂತ ಪೈಲಟ್ಟೇ ತೋರಿಸ್ತಾವ್ನೆ ಅಂದ್ಕೊಂಡೆ. ಇಳಿಸೋದೇ ಬೇಡ ಅನ್ನಿಸ್ಬಿಡ್ತು."

ಅದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಮಾರ್ಕೆಟ್ಟು, ತೋಟ, ಮನೆ ಅಂತ ಓಡಾಡಿಯೇ ವಯಸ್ಸು ಕಳೆದ ಹೆಂಗಸು. ನನಗೆ ಸೋತದ್ದು ಬೇಸರವಾಗಲಿಲ್ಲ. ಆದರೆ ಸಮುದ್ರ ತಪ್ಪಿದ್ದಕ್ಕೆ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ನಾನು ಆ ಹೆಂಗಸರ ಕಥೆ ಹೇಳಿದಾಗ ಅವರಿಗೂ ಹಾಗೇ ಆಯಿತು. ಅಳಿಯಂದಿರು ಪೇಟೆಯಿಂದ ದಪ್ಪ ಕೊಬ್ಬರಿ ತಂದರು. ಮಾರನೆಯ ದಿನ ಮಗಳಿಗೆ ಹಸಿರು ಸೀರೆ ಉಡಿಸಿ, ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು, ನೀರು ಚಿಮುಕಿಸಿ ಇಟ್ಟಿದ್ದ ಆ ಮಲ್ಲಿಗೆ ಮುಡಿಸಿ, ಬಳೆ ತೊಡಿಸಿದೆವು. ಮಡಿಲು ತುಂಬುವಾಗ ಮೊದಲು ನೀವು, ನೀವು ಅಂತ ಇಬ್ಬರೂ ಹಿಂದೆ ಸರಿದು, ಕೊನೆಗೆ ಒಟ್ಟಿಗೇ ಬೊಗಸೆ ಹಾಕಿದೆವು. ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು.

ಊರಿಗೆ ವಾಪಸ್ಸು ಹೊರಡುವಾಗ ಇಬ್ಬರೂ ಒಂದೇ ವಿಮಾನ ಹತ್ತಿದೆವು, ಹಳೇ ಏರ್‌ಪೋರ್ಟಿನಿಂದ. ಕಿಟಕಿಯ ಸೀಟು ಬೀಗಿತ್ತಿಯ ಹೆಸರಿಗೆ ಬಂದಿತ್ತು. ಅವರು ಎದ್ದು ನಿಂತು, "ನೀವು ಕೂತ್ಕೊಳ್ಳಿ, ನಾನು ನೋಡಿದೀನಿ," ಅಂದರು. ವಿಮಾನ ನೆಲ ಬಿಟ್ಟು, ಸಾಲು ಸಾಲು ಮನೆಗಳು ಮುಗಿದು, ಒಮ್ಮೆಲೇ ನೀರು ಬಂತು. ನಾನು ಬಾಯಿ ತೆರೆದುಕೊಂಡೇ ಕೂತೆ. ಬೀಗಿತ್ತಿ ತಮ್ಮ ಇಡೀ ಭಾರ ನನ್ನ ಹೆಗಲ ಮೇಲೆ ಹಾಕಿ, ಬೆರಳನ್ನು ಗಾಜಿಗೆ ಊರಿ, "ಅಗೋ ಹಡಗು. ಅಗೋ ಇನ್ನೊಂದು. ಬದು ಇಲ್ಲ ನೋಡಿ, ಎಲ್ಲಾದ್ರೂ ಬದು ಐತಾ?" ಅನ್ನುತ್ತಲೇ ಇದ್ದರು.